ಮೂರನೆಯ ಕಾಲಿನ ಗುಳ್ಳೆಗಳು

ಬಾನಿ ದ್ವೀಪದಲ್ಲಿ ಇಬೊರೊಮಾನ ಮನೆ ಯಾವುದೆಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ನೀರುನಾಯಿಯ ಮನೆ ಯಾವುದೆಂದು ಕೇಳಿ, ಜೆಟ್ಟಿಯ ಬಳಿ ಬಾಳೆಕಾಯಿ ಸುಡುವ ಹೆಂಗಸರೇ ಎದ್ದು ಬಂದು ತೋರಿಸುತ್ತಾರೆ. ಆ ಹೆಸರು ಅವನಿಗೆ ಒಂಬತ್ತನೆಯ ವಯಸ್ಸಿಗೇ ಬಿದ್ದದ್ದು. ಹಿನ್ನೀರಿನಲ್ಲಿ ಯಾರದೋ ದೋಣಿಯ ಎಂಜಿನ್ ಕಳಚಿ ಬಿದ್ದರೆ, ಲಂಗರಿನ ಹಗ್ಗ ಹರಿದರೆ, ಅವನಿಗೇ ಕರೆ ಬರುತ್ತಿತ್ತು. ಅವನು ಮುಳುಗಿದ ಮೇಲೆ ದಡದವರು ಗಟ್ಟಿಯಾಗಿ ಎಣಿಸುತ್ತ ನಿಲ್ಲುತ್ತಿದ್ದರು. ಎಣಿಕೆ ನೂರು ದಾಟಿತೆಂದರೆ, ಕಾಂಡ್ಲಾ ಕಾಡಿನ ಕೆಸರಿನಲ್ಲಿ ಚಿಪ್ಪುಹುಳು ಆರಿಸುತ್ತಿದ್ದ ಅವನ ತಾಯಿ ಬುಟ್ಟಿ ಬಿಸಾಡಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಮಗ ಎದ್ದು ಬಂದ ಮೇಲೆ ಮೊದಲು ಬೆನ್ನಿಗೊಂದು ಬಿಗಿದು ಆಮೇಲೆ ತಬ್ಬಿಕೊಳ್ಳುತ್ತಿದ್ದಳು.

ಇಂಥವನನ್ನು ಎಣ್ಣೆ ಕಂಪನಿಯವರು ಬಿಡುತ್ತಾರೆಯೇ? ಇಪ್ಪತ್ತೆರಡಕ್ಕೆಲ್ಲ ಅವನ ತಲೆಗೆ ಹಿತ್ತಾಳೆಯ ಟೋಪಿ ತಿರುಗಿಸಿ ಕೂರಿಸಿ, ಬೆನ್ನಿಗೆ ಗಾಳಿಯ ನಳಿಕೆ ಕಟ್ಟಿ, ಕಡಲಿಗೆ ಇಳಿಸಿದರು. ಕಡಲ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಎಣ್ಣೆಕಟ್ಟೆಗಳಿವೆಯಲ್ಲ, ಆ ಕಾಲುಗಳನ್ನು ನೀರಿನಡಿಯಲ್ಲಿ ಮುಟ್ಟಿ ನೋಡಿ ಬರುವುದು ಅವನ ಕೆಲಸ. ನಮ್ಮ ಕಡಲು ಗೊತ್ತಲ್ಲ, ನದಿಗಳೆಲ್ಲ ತಂದು ಸುರಿದ ಮಣ್ಣಿನಿಂದ ಸದಾ ಕಲಕು. ಟೋಪಿಯ ದೀಪ ಹಚ್ಚಿದರೂ ಒಂದು ಮಾರಿನಾಚೆ ಏನೂ ಕಾಣದು. ಕಬ್ಬಿಣಕ್ಕೆ ಕಚ್ಚಿದ ಚಿಪ್ಪನ್ನು ಕೆರೆದು ತೆಗೆಯಬೇಕು, ಬೆಸುಗೆಯ ಮೇಲೆ ಬೆರಳಾಡಿಸಬೇಕು, ಬಿರುಕಿದ್ದರೆ ಉಗುರಿಗೆ ಸಿಕ್ಕುತ್ತದೆ. ಮೇಲೆ ದೋಣಿಯಲ್ಲಿ ಹಾಳೆ ಹಿಡಿದು ಕೂತವರಿಗೆ ಏನೂ ಕಾಣುವುದಿಲ್ಲ. ಮುಳುಗುಗಾರ ಟೋಪಿಯೊಳಗಿನ ಫೋನಿನಲ್ಲಿ ಹೇಳಿದ್ದೇ ವೇದವಾಕ್ಯ.

ಅವನ ಜೋಡಿ ದಾವಾರಿ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಇಬೊರೊಮಾ ಮಾತಿಗೆ ಜಿಪುಣ, ದಾವಾರಿ ಬಾಯಿ ಮುಚ್ಚಿದರೆ ಊರಿಗೆ ಜ್ವರ ಬಂದಂತೆ. ದಾವಾರಿಯ ಹೆಂಡತಿ ಹೆರಿಗೆಯಲ್ಲೇ ಹೋಗಿದ್ದಳು. ತೆಲೆಮಾ ಎಂಬ ಹೆಣ್ಣುಮಗುವನ್ನು ಅವನ ತಾಯಿ ಮಾಮಾ ಒರುಬೊ ಸಾಕುತ್ತಿದ್ದಳು. ತೆಲೆಮಾಗೆ ಐದು ವರ್ಷ ತುಂಬಿದ ಮಳೆಗಾಲದಲ್ಲಿ ದಾವಾರಿ ಸತ್ತ.

ಬಿ-ಏಳು ಎಂಬ ಎಣ್ಣೆಕಟ್ಟೆ. ಅದರ ಮೂರನೆಯ ಕಾಲು. ಹದಿನೆಂಟು ಮೀಟರ್ ಆಳದಲ್ಲಿ ಆ ಕಾಲಿಗೆ ನಾಲ್ಕು ಅಡ್ಡಕೊಳವೆಗಳು ಬಂದು ಕೂಡುವ ಗಂಟು. ಅಲ್ಲಿ ಯಾವುದೋ ಮೀನುಬಲೆ ಸುತ್ತಿಕೊಂಡಿತ್ತು, ಅದರಲ್ಲಿ ದಾವಾರಿಯ ಗಾಳಿ ನಳಿಕೆ ಸಿಕ್ಕಿತು. ಮೇಲಿನಿಂದ ಎಳೆದರು, ಇನ್ನಷ್ಟು ಬಿಗಿಯಿತು. ಇಬೊರೊಮಾ ಟೋಪಿಯಿಲ್ಲದೆಯೇ ಚಾಕು ಕಚ್ಚಿಕೊಂಡು ಇಳಿದು ಬಲೆ ಕುಯ್ದು ಅವನನ್ನು ತಬ್ಬಿ ಮೇಲೆ ತಂದಾಗ ಟೋಪಿಯ ಗಾಜಿನ ಹಿಂದೆ ಆ ಮುಖ ತಣ್ಣಗಾಗಿತ್ತು. ನಗುವವರ ಮುಖವೇ ಸತ್ತ ಮೇಲೆ ಹೆಚ್ಚು ಹೆದರಿಸುವುದು, ನಾನು ನೋಡಿದ್ದೇನೆ.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ನೀರು ಒಬ್ಬನನ್ನು ನುಂಗಿದರೆ ಹೆಣ ಸಿಕ್ಕರೆ ಸಾಲದು, ಉಸಿರು ಅಲ್ಲೇ ಉಳಿದಿರುತ್ತದೆ. ಮನೆಯ ಹಿರಿಯ ಹೆಂಗಸು ಆ ಜಾಗಕ್ಕೇ ದೋಣಿಯಲ್ಲಿ ಹೋಗಿ, ನೀರಿಗೆ ಸಾರಾಯಿ ಸುರಿದು, ಕೋಲಾಕಾಯಿ ಒಡೆದು ಹಾಕಿ, ಮೂರು ಸಲ ಹೆಸರು ಹಿಡಿದು ಕರೆದು ತರಬೇಕು. ಅಲ್ಲಿಯವರೆಗೆ ಅವನ ಜನ ಯಾರೂ ಆ ಜಾಗವನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಉಸಿರು ಕೈ ಹಿಡಿಯುತ್ತದೆ ಎನ್ನುತ್ತಾರೆ. ಆದರೆ ಬಿ-ಏಳರ ಸುತ್ತ ಅರ್ಧ ಕಿಲೋಮೀಟರ್ ಒಳಗೆ ಹೊರಗಿನ ದೋಣಿ ಸುಳಿಯುವಂತಿಲ್ಲ. ಸುಳಿದರೆ ನೇವಿಯವರು ಮೊದಲು ಗುಂಡು ಹಾರಿಸಿ ಆಮೇಲೆ ಹೆಸರು ಕೇಳುತ್ತಾರೆ. ಊರ ಹಿರಿಯರು ಕಂಪನಿಯ ಬಾಗಿಲಿಗೆ ಮೂರು ಸಲ ಹೋದರು. ಒಳಗಿನವರು ಕುರ್ಚಿ ಕೊಟ್ಟರು, ತಣ್ಣನೆಯ ನೀರು ಕೊಟ್ಟರು, ಅನುಮತಿ ಕೊಡಲಿಲ್ಲ. ಕೊನೆಗೆ ದಡದಲ್ಲೇ ನಿಂತು ಸಾರಾಯಿ ಸುರಿದು ಕರೆದದ್ದಾಯಿತು. ಅಷ್ಟಕ್ಕೆ ಉಸಿರು ಬರುತ್ತದೆಯೇ ಎಂದು ಹಿರಿಯರೇ ತಲೆಯಾಡಿಸಿಕೊಂಡು ಮನೆಗೆ ಹೋದರು.

ಎಂಟು ತಿಂಗಳ ಮೇಲೆ ಅದೇ ಗಂಟನ್ನು ನೋಡಿ ಬರಲು ಇಬೊರೊಮಾನ ಸರದಿ ಬಂತು.

ಅವನು ಇಳಿದ. ಗಂಟಿನಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತ. ಕೆರೆಯುವ ಉಳಿ ಕೈಯಲ್ಲಿತ್ತು, ಕೈ ಮುಂದೆ ಹೋಗಲಿಲ್ಲ. ಆಗ ದೀಪದ ಬೆಳಕಿನಲ್ಲಿ, ಚಿಪ್ಪಿನ ಸಂದಿಯಿಂದ ಸಣ್ಣ ಗುಳ್ಳೆಯೊಂದು ಹೊರಟು ಮೇಲಕ್ಕೆ ಹೋಯಿತು. ಹಿಂದೆಯೇ ಇನ್ನೊಂದು. ಸ್ವಲ್ಪ ಬಿಟ್ಟು ಮೂರನೆಯದು. ಮಲಗಿದ ಮನುಷ್ಯ ಉಸಿರು ಬಿಟ್ಟಂತೆ ಬಿಡುವು ಕೊಟ್ಟು ಕೊಟ್ಟು ಬರುತ್ತಿದ್ದವು. ದಾವಾರಿ ಇನ್ನೂ ಇಲ್ಲೇ ಇದ್ದಾನೆ, ಉಸಿರಾಡುತ್ತಿದ್ದಾನೆ ಎಂಬ ಒಂದೇ ಮಾತು ಇಬೊರೊಮಾನ ತಲೆ ತುಂಬಿತು.

“ನೀರುನಾಯಿ, ಏನ್ ಸಮಾಚಾರ? ನಿದ್ದೆ ಹೋದ್ಯಾ?” ಮೇಲಿನಿಂದ ದನಿ ಬಂತು.

“ಕೆರೆದೆ,” ಎಂದ ಇಬೊರೊಮಾ. “ಬೆಸುಗೆ ಪೂರಾ ನೋಡ್ದೆ. ಬಿರುಕಿಲ್ಲ.”

ಮೇಲೆ ಬಂದು ಹಾಳೆಗೆ ಸಹಿಯನ್ನೂ ಹಾಕಿದ. ಆ ಅಡ್ಡಕೊಳವೆಗಳ ಒಳಗೆ ಗಾಳಿ ಮಾತ್ರ ಇರುತ್ತದೆ, ಗುಳ್ಳೆ ಬಂದರೆ ಕಬ್ಬಿಣ ಒಡೆದಿದೆ ಎಂದೇ ಅರ್ಥ. ಇದು ಆ ಕೆಲಸದ ಮೊದಲ ಪಾಠ, ಅವನಿಗೆ ಗೊತ್ತಿಲ್ಲದ್ದಲ್ಲ. ಬೇರೆ ಯಾವ ಕಾಲಿನಲ್ಲಿ ಕಂಡಿದ್ದರೂ ಕೂಗಿ ಹೇಳುತ್ತಿದ್ದ. ಆದರೆ ಹೆದರಿದವನ ತಲೆಗೆ ಪಾಠ ಎಲ್ಲಿಂದ ಬರಬೇಕು! ಬರುವಷ್ಟರಲ್ಲಿ ವಾರವಾಗಿತ್ತು, ಹಾಳೆ ಕಂಪನಿಯ ಕಪಾಟು ಸೇರಿತ್ತು. ಈಗ ಬಾಯಿಬಿಟ್ಟರೆ ಕೆಲಸವೂ ಹೋಯಿತು, ಹೆಸರೂ ಹೋಯಿತು. ಸಣ್ಣ ಬಿರುಕಿದ್ದೀತು, ಮುಂದಿನ ವರ್ಷ ಇನ್ನೊಬ್ಬ ಇಳಿದು ನೋಡುತ್ತಾನೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಾಠ ನೆನಪಾದರೂ ದಾವಾರಿ ಅಲ್ಲೇ ಇದ್ದಾನೆ ಎಂಬ ನಂಬಿಕೆ ಮಾತ್ರ ಅವನನ್ನು ಬಿಡಲಿಲ್ಲ.

ಇನ್ನೊಬ್ಬ ಇಳಿಯಲೇ ಇಲ್ಲ. ಮನುಷ್ಯರು ಸಾಯುತ್ತಾರೆ, ಗೋಳು ತಪ್ಪಲಿ ಎಂದು ಕಂಪನಿಯವರು ಮುಳುಗುಗಾರರನ್ನು ವರ್ಷ ವರ್ಷ ಕಡಿಮೆ ಮಾಡುತ್ತ ಬಂದರು. ಕೊನೆಗೆ ಹಡಗಿನಲ್ಲಿ ಹಳದಿ ಬಣ್ಣದ ಯಂತ್ರ ಬಂತು. ಅದಕ್ಕೆ ಹಗ್ಗವಿಲ್ಲ, ನಡೆಸುವವನಿಲ್ಲ. ಕ್ರೇನಿನಲ್ಲಿ ನೀರಿಗೆ ಬಿಟ್ಟರೆ ತಾನೇ ದಾರಿ ಹಿಡಿದು ಹೋಗಿ, ಒಂದೊಂದು ಕಾಲನ್ನೂ ಸುತ್ತಿ, ಸಾವಿರಾರು ಚಿತ್ರ ಹಿಡಿದು, ಹೊತ್ತಿಗೆ ಸರಿಯಾಗಿ ವಾಪಸು ಬರುತ್ತದೆ. ಹಡಗಿನ ಹುಡುಗರು ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟರು. ಹೋಗುವಾಗ ಹೇಳುವುದಿಲ್ಲ, ಬರುವಾಗ ಹೊಟ್ಟೆ ತುಂಬಿಸಿಕೊಂಡು ಬರುತ್ತದೆ, ಏನೇ ಕೇಳಿದರೂ ಎಲ್ಲ ಚೆನ್ನಾಗಿದೆ ಎನ್ನುತ್ತದೆ. ಆಳ ಬಲ್ಲವನೆಂದು ಇಬೊರೊಮಾನನ್ನು ಆ ಚಿತ್ರಗಳ ಮುಂದೆ ಕೂರಿಸಿದರು. ಇಪ್ಪತ್ತೈದು ವರ್ಷ ಕೈಯಲ್ಲಿ ಮುಟ್ಟಿದ್ದನ್ನು ಈಗ ಕಣ್ಣಲ್ಲಿ ನೋಡುವುದು.

ಈ ಅಳಿಯನ ಲೆಕ್ಕಾಚಾರ ಹೀಗೆ: ಹಳೆಯ ಹಾಳೆಯಲ್ಲಿ ‘ಸರಿಯಿದೆ’ ಎಂದು ಇದ್ದ ಗಂಟನ್ನು ಸರಿ ಎಂದೇ ಹಿಡಿಯುತ್ತದೆ. ಮೊದಲ ವರ್ಷದ ಚಿತ್ರವನ್ನು ಅದರ ಜೊತೆ ಕಟ್ಟಿಡುತ್ತದೆ. ಆಮೇಲೆ ಪ್ರತಿ ವರ್ಷ ಹೊಸದನ್ನು ಹಳೆಯದರ ಮೇಲಿಟ್ಟು ನೋಡುತ್ತದೆ. ಬದಲಾಗಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಚಿಪ್ಪು ಬೆಳೆದು ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದಲ್ಲ, ಹೆಬ್ಬೆರಳಿಗಿಂತ ಕಡಿಮೆಯದನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಬರುವ ಹೊತ್ತಿಗೆ ಆ ಕೊಳವೆಯ ಗಾಳಿಯೆಲ್ಲ ಸೋರಿ ನೀರು ತುಂಬಿ, ಗುಳ್ಳೆ ನಿಂತು ವರ್ಷಗಳಾಗಿದ್ದವು. ಮೂರನೆಯ ಕಾಲಿನ ಗಂಟು ಪ್ರತಿ ವರ್ಷ ಹಸಿರು. ಪ್ರತಿ ವರ್ಷ ಆ ಹಸಿರು ಕಂಡೊಡನೆ ಇಬೊರೊಮಾ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಿದ್ದ.

ತೆಲೆಮಾ ಅವನ ಕೈಯಲ್ಲೇ ಬೆಳೆದಳು ಎನ್ನಬೇಕು. ಅವನಿಗೆ ಮಕ್ಕಳಿರಲಿಲ್ಲ, ಹೆಂಡತಿಯೂ ಬೇಗ ತೀರಿಕೊಂಡಳು. ಭುಜದ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನು, ಈಜು ಕಲಿಸಿದವನು ಅವನು. ಅವಳು ಅವನನ್ನು ಕರೆಯುವುದು ‘ಪಾಪಾ’ ಎಂದೇ. ಅವಳು ಓದು ಮುಗಿಸಿ, ರೇಡಿಯೋ ಕೆಲಸ ಕಲಿತು, ಒಂದು ದಿನ ಕುಣಿಯುತ್ತ ಬಂದಳು.

“ಪಾಪಾ, ಕೆಲಸ ಸಿಕ್ತು! ಬಿ-ಏಳರ ರೇಡಿಯೋ ಕೋಣೆ. ನಾನೇ ಕೇಳಿ ಹಾಕಿಸ್ಕೊಂಡೆ.”

“ಬಿ-ಏಳು ಬೇಡ.”

“ಯಾಕೆ?”

“ಬೇರೆ ಎಷ್ಟು ಕಟ್ಟೆ ಇಲ್ಲ? ಅಲ್ಲೇ ಯಾಕೆ ಸಾಯ್ಬೇಕು?”

“ಅಪ್ಪ ಇರೋ ಕಡೆ ನಾನೂ ಇರ್ತೀನಿ, ಅದಕ್ಕೆ. ಕೆಳಗೆ ಅವ್ನು, ಮೇಲೆ ನಾನು. ಮಾತಾಡೋ ವಂಶ ನಮ್ದು, ರೇಡಿಯೋಗೆ ಸರಿಯಾಗಿದೆ,” ಎಂದು ನಕ್ಕಳು. ದಾವಾರಿಯದೇ ನಗು. ಅವತ್ತಾದರೂ ಹೇಳಬಾರದಿತ್ತೇ ಈ ಮನುಷ್ಯ! ಇಲ್ಲ. ಮರಗೆಣಸಿನ ಗಾರಿ ಹಿಟ್ಟನ್ನು ನಾದುತ್ತ ತಲೆ ತಗ್ಗಿಸಿ ಕೂತ.

ಅದಾಗಿ ಎರಡು ವರ್ಷ. ದಾವಾರಿ ಸತ್ತು ಇಪ್ಪತ್ತು. ಈ ಸಲದ ಜುಲೈಯಲ್ಲಿ ಹಡಗು ಬಿ-ಏಳರ ಬಳಿ ನಿಂತಿತು. ಅಳಿಯ ಬೆಳಗ್ಗೆ ಇಳಿದು ಸಂಜೆಯೊಳಗೆ ಬಂತು, ಮರುದಿನ ಚಿತ್ರಗಳು ತೆರೆದುಕೊಂಡವು. ಒಂದನೆಯ ಕಾಲು ಹಸಿರು. ಎರಡನೆಯದು ಹಸಿರು. ಮೂರನೆಯದೂ ಹಸಿರು. ಇಬೊರೊಮಾ ಆ ಗಂಟಿನ ಚಿತ್ರವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ.

ದಪ್ಪ ಚಿಪ್ಪಿನ ಹೊದಿಕೆಯ ನಡುವೆ ಬೈತಲೆ ತೆಗೆದಂತೆ ಒಂದು ನೇರ ಗೆರೆ. ಕಿರುಬೆರಳಿನಷ್ಟು ಅಗಲ. ಗೆರೆಯೊಳಗೆ ಚಿಪ್ಪಿಲ್ಲ, ಕಬ್ಬಿಣ ಹೊಸದಾಗಿ ಉಜ್ಜಿದಂತೆ ಹೊಳೆಯುತ್ತಿತ್ತು. ಕೆಳಗಿನ ಕಬ್ಬಿಣ ಅಲ್ಲಾಡಿ ಒಂದಕ್ಕೊಂದು ಉಜ್ಜಿದರೆ ಮಾತ್ರ ಚಿಪ್ಪು ಹಾಗೆ ಸೀಳುತ್ತದೆ. ಬಿರುಕು ಕೊಳವೆಯನ್ನು ಸುತ್ತಿಬಿಟ್ಟಿತ್ತು. ಹೆಬ್ಬೆರಳಿಗಿಂತ ಚಿಕ್ಕದಲ್ಲವೇ, ಯಂತ್ರಕ್ಕೆ ಅದು ಕಾಣಲಿಲ್ಲ. ಆ ಗಂಟಿನ ಮೇಲೆ ಅರವತ್ತನಾಲ್ಕು ಜನ ಉಂಡು ಮಲಗುತ್ತಿದ್ದರು, ಅವರಲ್ಲಿ ಒಬ್ಬಳು ತೆಲೆಮಾ.

ತಪಾಸಣೆಯ ಮುಖ್ಯಸ್ಥ ಎಕೊಂಗ್. ಕಲಾಬಾರ್ ಕಡೆಯವನು, ಒಳ್ಳೆಯವನೇ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎನ್ನುವ ಜಾತಿ.

“ಒಗಾ, ಯಜಮಾನ್ರೇ, ಮೂರನೇ ಕಾಲಿನ ಗಂಟು ಕೆರೆಸ್ಬೇಕು. ಮನುಷ್ಯನ್ನ ಇಳಿಸ್ಬೇಕು,” ಎಂದ ಇಬೊರೊಮಾ.

“ಹಸಿರಿದೆಯಲ್ಲಯ್ಯಾ.”

“ಗೆರೆ ನೋಡಿ.”

ಎಕೊಂಗ್ ಕಣ್ಣು ಕಿರಿದು ಮಾಡಿ ನೋಡಿದ. “ಮೀನು ಕಚ್ಚಿ ತಿಂದಿರತ್ತೆ. ನಿಂಗೆ ಅಳಿಯನ ಮೇಲೆ ಹೊಟ್ಟೆಕಿಚ್ಚು, ಕೆಲಸ ಕಿತ್ಕೊಂಡ ಅಂತ,” ಎಂದು ನಕ್ಕ. ಆಮೇಲೆ, ಮರ್ಯಾದೆಗೆಂದು, ಹಳೆಯ ಕಡತ ತೆಗೆಸಿದ. “ಇಲ್ನೋಡು. ಈ ಗಂಟನ್ನ ಕೈಯಲ್ಲೇ ಕೆರೆದು ನೋಡಿದಾರೆ. ‘ಬಿರುಕಿಲ್ಲ’ ಅಂತ ಬರೆದಿದೆ. ಯಂತ್ರ ನೋಡಿದ್ದಕ್ಕಿಂತ ಕೈಯಲ್ಲಿ ನೋಡಿದ್ದೇ ಹೆಚ್ಚು ನಂಬೋ ಹಾಗಿರೋದು. ಯಾರು ಸಹಿ ಹಾಕಿರೋದು ಗೊತ್ತಾ?” ಎಂದು ಹಾಳೆಯನ್ನು ಅವನತ್ತ ತಿರುಗಿಸಿ ಬೆನ್ನು ತಟ್ಟಿದ. “ನೀರುನಾಯಿ! ನಿನ್ನ ಕೈ ಮೇಲೆ ನಿಂಗೇ ನಂಬಿಕೆ ಇಲ್ವಾ?”

ಇಬೊರೊಮಾ ತನ್ನದೇ ಸಹಿಯನ್ನು ನೋಡಿದ. ಈಗ ಹೇಳು, ಈಗ ಹೇಳು ಎಂದು ಒಳಗಿಂದ ಯಾರೋ ಗುದ್ದುತ್ತಿದ್ದರು. “ಮೀನೇ ಇರ್ಬೇಕು,” ಎಂದು ಹೇಳಿ ಹೊರಗೆ ಬಂದು, ಹಡಗಿನ ಕಟಕಟೆ ಹಿಡಿದು ನಿಂತ. ಎದುರಿಗೆ ಬಿ-ಏಳು ನಿಂತಿತ್ತು. ಮೇಲಿನ ಕಟ್ಟೆಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅಲೆಯೊಂದು ಕಾಲುಗಳ ನಡುವೆ ನುಗ್ಗಿ ಹೋದಾಗಲೆಲ್ಲ ಅವನು ಮೂರನೆಯ ಕಾಲನ್ನೇ ನೋಡುತ್ತಿದ್ದ.

ಎರಡು ದಿನದ ಮೇಲೆ ಹಡಗು ಬಾನಿಯ ಜೆಟ್ಟಿಗೆ ಬಂತು. ಜೆಟ್ಟಿಯ ಹಲಗೆಯ ಮೇಲೆ ಹವೆಯ ಸೂಚನೆ ಅಂಟಿಸಿದ್ದರು: ದಕ್ಷಿಣದಿಂದ ದೊಡ್ಡ ಉಬ್ಬಲೆ ಬರುತ್ತಿದೆ, ಮೂರು ದಿನದಲ್ಲಿ ಕರಾವಳಿ ಮುಟ್ಟುತ್ತದೆ, ಹತ್ತು ವರ್ಷದಲ್ಲಿ ಇಂಥದ್ದು ಬಂದಿಲ್ಲ. ಇಬೊರೊಮಾ ಅದನ್ನು ಎರಡು ಸಲ ಓದಿದ. ಮನೆಗೆ ಹೋಗಲಿಲ್ಲ, ಕಚೇರಿಗೂ ಹೋಗಲಿಲ್ಲ. ನೇರ ಮಾಮಾ ಒರುಬೊಳ ಮನೆಗೆ ನಡೆದ. ಗಂಟು ಕೆರೆಸಬೇಕಾದರೆ ಮೊದಲು ದಾವಾರಿಯ ಉಸಿರನ್ನು ಬಿಡಿಸಬೇಕು, ಅದಕ್ಕೆ ತಾಯಿಯೇ ಬಂದು ಕರೆಯಬೇಕು. ಇಪ್ಪತ್ತು ವರ್ಷದಿಂದ ಅವನ ತಲೆಯಲ್ಲಿ ಬೇರೆ ದಾರಿಯೇ ಇರಲಿಲ್ಲ.

ಮಾಮಾ ಒರುಬೊಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ಬಾಯಿ ಮಾತ್ರ ಹರಿತ. ಹೊಗೆಯಲ್ಲಿ ಮೀನು ಒಣಗಿಸುತ್ತ ಕೂತಿದ್ದಳು.

“ಬಾರೋ ನೀರುನಾಯಿ. ಏನ್ ಮುಖ ಅದು, ಮೂರು ದಿನದ ಮೀನಿನ ಹಾಗೆ?”

ಅವನು ಅವಳ ಕಾಲ ಬಳಿ ಕೂತ. “ಮಾಮಾ, ದಾವಾರೀನ ಕರ್ಕೊಂಡು ಬರ್ಬೇಕು. ಅವನಿನ್ನೂ ಅಲ್ಲೇ ಇದ್ದಾನೆ.”

“ಎಲ್ಲಿ?”

“ಬಿ-ಏಳರ ಕೆಳಗೆ. ನಾನೇ ನೋಡಿದೀನಿ. ಅವನು ಹೋದ ಎಂಟು ತಿಂಗಳಿಗೆ ಇಳಿದಿದ್ದೆ, ಉಸಿರು ಬಿಡ್ತಾ ಇದ್ದ. ಗುಳ್ಳೆ ಬರ್ತಿತ್ತು. ದೋಣಿ ಬಿಡ್ಲಿಲ್ವಲ್ಲ, ದಡದಲ್ಲಿ ಕರೆದದ್ದು ಅವನಿಗೆ ಕೇಳಿಸ್ಲಿಲ್ಲ.”

ಮುದುಕಿ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. “ಹುಚ್ಚು ಹಿಡೀತೇನೋ ನಿಂಗೆ? ನನ್ನ ಮಗನನ್ನ ನಾನು ಅವನು ಸತ್ತ ತಿಂಗಳಲ್ಲೇ ಕರ್ಕೊಂಡು ಬಂದೆ.”

“ಏನಂದೆ?”

“ದಡದಲ್ಲಿ ಕರೆಯೋದು ಗಂಡಸರ ನಾಟ್ಕ. ಹೆತ್ತ ಹೊಟ್ಟೆ ಸುಮ್ನಿರತ್ತಾ? ಅದಾದ ಶನಿವಾರ ರಾತ್ರಿ, ದೀಪ ಆರಿಸಿದ ಮೀನಿನ ದೋಣಿಯಲ್ಲಿ ಬಲೆ ಹೊದ್ಕೊಂಡು ಮಲಗಿ ಹೋದೆ. ಮೂರನೇ ಕಾಲಿಗೇ ದೋಣಿ ಕಟ್ಟಿಸ್ದೆ. ಸುರಿದೆ, ಒಡೆದೆ, ಮೂರು ಸಲ ಕರ್ದೆ. ಮೂರನೇ ಸಲಕ್ಕೆ ಬಂದ. ಇಲ್ಲಿ, ಈ ಎದೆ ಮೇಲೆ ಭಾರ ಇಟ್ಟ ಹಾಗೆ ಬಂದ, ಹಿತ್ತಲಲ್ಲಿ ಅವನ ಗೋರೀಲೇ ಮಲಗಿಸಿದೀನಿ.” ಅವಳು ಎದೆಯನ್ನು ಬಡಿದು ತೋರಿಸಿದಳು. “ಬಾಯಿ ಬಿಟ್ಟಿದ್ರೆ ಆ ದೋಣಿಯವನನ್ನ ನೇವಿಯವ್ರು ಒಳಗೆ ಹಾಕ್ತಿದ್ರು. ಅವನಿಗೂ ಹೆಂಡ್ತಿ ಮಕ್ಕಳಿದ್ರು. ಅದಕ್ಕೆ ಯಾರಿಗೂ ಹೇಳ್ಲಿಲ್ಲ. ನೀನಾದ್ರೂ ಕೇಳಿದ್ಯಾ ಒಂದಿನ? ನನ್ನ ಮನೇಲಿ ಇಪ್ಪತ್ತು ವರ್ಷ ಉಂಡೆ, ಒಂದು ಮಾತು ಕೇಳಿದ್ಯಾ?”

ಕೇಳಿರಲಿಲ್ಲ. ಹೆತ್ತವಳ ಎದುರು ಆ ಮಾತು ಎತ್ತುವುದು ಹೇಗೆಂದು ಬಿಟ್ಟಿದ್ದ.

“ಅವನು ಅಲ್ಲಿರ್ಲಿಲ್ಲ ಕಣೋ,” ಎಂದಳು ಮಾಮಾ ಒರುಬೊ. “ಹಂಗಾದ್ರೆ ಅಲ್ಲಿ ಉಸಿರು ಬಿಡ್ತಿದ್ದಿದ್ದು ಏನು?”

ಇಬೊರೊಮಾ ಎದ್ದು ನಿಂತ. ಮುದುಕಿ ಹಿಂದಿನಿಂದ ಕೂಗಿ ಕರೆಯುತ್ತಿದ್ದಳು, ಅವನು ಓಡುತ್ತಿದ್ದ. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಚಪ್ಪಲಿ ಎಲ್ಲೋ ಬಿಟ್ಟು, ಜೆಟ್ಟಿಯ ರಸ್ತೆಯಲ್ಲಿ ಹಾಡಹಗಲೇ ಓಡುವುದನ್ನು ನೋಡಿ ಹೆಂಗಸರು ನಕ್ಕರು. “ಯಾರೋ ನಿನ್ನ ಅಟ್ಟಿಸ್ಕೊಂಡು ಬರ್ತಿರೋದು, ನೀರುನಾಯಿ?” ಎಂದು ಕೇಳಿದರು.

ಎಕೊಂಗ್ ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದ. ಇಬೊರೊಮಾ ಏದುಸಿರು ಬಿಡುತ್ತಲೇ ಹೇಳಿದ: “ಆ ಹಾಳೆ ಸುಳ್ಳು. ನಾನು ಗಂಟು ಮುಟ್ಲಿಲ್ಲ. ಕೆರೀಲಿಲ್ಲ. ಗುಳ್ಳೆ ನೋಡ್ದೆ, ಹೇಳ್ಲಿಲ್ಲ. ನಾನು ಸುಳ್ಳು ಬರೆದೆ.”

ಎಕೊಂಗ್ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಪರದೆಯ ಮೇಲೆ ಆ ಗೆರೆಯ ಚಿತ್ರ ತೆರೆದು ಬಹಳ ಹೊತ್ತು ನೋಡಿದ. ಹಾಳೆ ಸುಳ್ಳಾದರೆ ಅದರ ಮೇಲೆ ನಿಂತ ಅಷ್ಟೂ ವರ್ಷದ ಹಸಿರು ಸುಳ್ಳು ಎಂಬುದು ಅವನಿಗೆ ಹೇಳಿಸಿಕೊಳ್ಳದೆ ತಿಳಿಯಿತು. ರೇಡಿಯೋವನ್ನು ಇಬೊರೊಮಾನತ್ತ ತಳ್ಳಿದ.

“ನಾನ್ ಹೇಳಿದ್ರೆ ಕಟ್ಟೆಯ ಮೇಲಿನವ್ರು ಕಾಗದ ಕೇಳ್ತಾರೆ, ಕಾಗದ ಬರೋಷ್ಟರಲ್ಲಿ ಅಲೆ ಬರತ್ತೆ. ಸಹಿ ಹಾಕಿದವನೇ ಹೇಳ್ಬೇಕು. ರೇಡಿಯೋ ಹಿಡಿ.”

ಇಬೊರೊಮಾ ಗುಂಡಿ ಒತ್ತಿದ.

“ಬಿ-ಏಳು, ಹೇಳಿ,” ಎಂದಿತು ಆ ಕಡೆಯ ದನಿ. ತೆಲೆಮಾ.

ಎಕೊಂಗ್ ಅವನ ಭುಜ ಹಿಡಿದು ಅಲ್ಲಾಡಿಸಿದ.

“ಮಗಳೇ, ನಾನು.”

“ಪಾಪಾ? ಈ ಚಾನೆಲ್‌ನಲ್ಲಿ ಏನ್ ಮಾಡ್ತಿದೀಯ? ಇದು ಎಲ್ಲ ಹಡಗಿಗೂ ಕೇಳತ್ತೆ, ಬೈತಾರೆ.”

“ಕೇಳ್ಲಿ. ಬರ್ಕೋ.”

ಅಲ್ಲಿನ ನಿಯಮ ನಿಮಗೆ ಗೊತ್ತಿರಲಿ: ಅಪಾಯದ ಸಂದೇಶ ಬಂದರೆ ರೇಡಿಯೋದವರು ಪ್ರತಿ ಮಾತನ್ನೂ ಬರೆದುಕೊಳ್ಳಬೇಕು, ಬರೆದದ್ದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಬದಿಯಲ್ಲಿ ಕಟ್ಟೆಯ ಮ್ಯಾನೇಜರ್ ನಿಂತು ಕೇಳುತ್ತಾನೆ. ಇಬೊರೊಮಾ ಒಂದೊಂದೇ ವಾಕ್ಯ ಹೇಳಿದ. ತೆಲೆಮಾ ಒಂದೊಂದನ್ನೇ ತಿರುಗಿ ಹೇಳಿದಳು.

“ಮೂರನೇ ಕಾಲಿನ ಗಂಟು ಒಡೆದಿದೆ.”

“ಮೂರನೇ ಕಾಲಿನ ಗಂಟು ಒಡೆದಿದೆ.”

“ಇಪ್ಪತ್ತು ವರ್ಷದ ಹಿಂದೆ ನಾನು ಅದನ್ನ ನೋಡ್ದೆ ಅಂತ ಸುಳ್ಳು ಬರೆದೆ.”

“ಇಪ್ಪತ್ತು ವರ್ಷದ ಹಿಂದೆ ನೋಡ್ದೆ ಅಂತ ಸುಳ್ಳು ಬರೆದೆ.”

“ಗುಳ್ಳೆ ಬರ್ತಿತ್ತು. ನಾನು ಅದನ್ನ... ದಾವಾರಿಯ ಉಸಿರು ಅಂದ್ಕೊಂಡೆ.”

ರೇಡಿಯೋದಲ್ಲಿ ಕರಕರ ಸದ್ದು ಮಾತ್ರ. ಎಕೊಂಗ್ ಉಪಕರಣ ಕೆಟ್ಟಿತೇ ಎಂದು ಬಗ್ಗಿ ನೋಡಿದ.

“ಗುಳ್ಳೆ ಬರ್ತಿತ್ತು,” ಎಂದಳು ತೆಲೆಮಾ. ದನಿಯಲ್ಲಿ ಏರಿಳಿತವೇ ಇರಲಿಲ್ಲ. “ದಾವಾರಿಯ ಉಸಿರು ಅಂದ್ಕೊಂಡೆ. ಸಂದೇಶ ಬರ್ಕೊಂಡೆ. ಸಮಯ ಹನ್ನೆರಡೂ ನಲವತ್ತು.”

“ಅಲ್ಲಿಂದ ಇಳಿ ಮಗಳೇ, ಈಗಲೇ ಇಳಿ,” ಎಂದು ಇಬೊರೊಮಾ ಅಳತೊಡಗಿದ. ಆ ಕಡೆ ಗುಂಡಿ ಬಿಟ್ಟಾಗಿತ್ತು.

ಮರುದಿನ ಮಧ್ಯಾಹ್ನದೊಳಗೆ ದೋಣಿಯಲ್ಲೂ ಹೆಲಿಕಾಪ್ಟರಿನಲ್ಲೂ ಅರವತ್ತನಾಲ್ಕು ಜನರನ್ನು ಇಳಿಸಿದರು. ಬಾವಿಗಳನ್ನು ಮುಚ್ಚಿದರು. ರೇಡಿಯೋದವಳು ಕೊನೆಗೆ ಇಳಿಯುವುದು ರೂಢಿ, ಅವಳು ಕೊನೆಗೇ ಇಳಿದಳು. ಇಬೊರೊಮಾ ಜೆಟ್ಟಿಯಲ್ಲಿ ಕಾದು ನಿಂತಿದ್ದ. ಅವಳು ದೋಣಿಯಿಂದ ಇಳಿದು, ಅವನ ಪಕ್ಕದಲ್ಲೇ ಹಾದು, ಅಜ್ಜಿಯ ಮನೆಯ ಕಡೆ ನಡೆದು ಹೋದಳು. ಅವನಿಗೆ ಅವಳ ಬೆನ್ನು ಮಾತ್ರ ಕಂಡಿತು.

ಉಬ್ಬಲೆ ಹೇಳಿದ ದಿನವೇ ಬಂತು. ಎರಡು ಹಗಲು ಕಡಲು ಎದ್ದೆದ್ದು ಬಿತ್ತು. ಅಡ್ಡಕೊಳವೆ ಆ ಗಂಟಿನಿಂದ ಕಿತ್ತು ಬಂತು, ಮೂರನೆಯ ಕಾಲು ಮೊಣಕಾಲಿನಂತೆ ಮಡಿಸಿಕೊಂಡಿತು, ಮಲಗುವ ಕೋಣೆಗಳಿದ್ದ ಮೂಲೆ ಪೂರಾ ನೀರಿಗೆ ಹೋಯಿತು. ರೇಡಿಯೋ ಕೋಣೆ ಆ ಮೂಲೆಯಲ್ಲೇ ಇತ್ತು. ಮೇಲಿನಿಂದ ತೆಗೆದ ಚಿತ್ರ ಊರೆಲ್ಲ ಫೋನಿನಿಂದ ಫೋನಿಗೆ ಓಡಾಡಿತು.

ಊರು ಎಂಥದ್ದು ನೋಡಿ. ಇಪ್ಪತ್ತು ವರ್ಷದ ಸುಳ್ಳನ್ನು ಒಂದು ವಾರದಲ್ಲಿ ಮರೆಯಿತು. ಅರವತ್ತನಾಲ್ಕು ಜೀವ ಉಳಿಸಿದವನೆಂದು ಇಬೊರೊಮಾನ ಮನೆಗೆ ಜನ ಬಂದರು, ಒಗೊಗೊರೊ ಸಾರಾಯಿಯ ಬಾಟಲಿ ತಂದರು. ಕಟ್ಟೆಯ ಅಡುಗೆಯವನ ಹೆಂಡತಿ ಅವನ ಕಾಲು ಹಿಡಿದು ಅತ್ತಳು. ಕಂಪನಿ ಕೆಲಸದಿಂದ ತೆಗೆಯಿತು, ವಿಚಾರಣೆ ಇಟ್ಟಿತು; ಅದಕ್ಕೆ ಅವನು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಬಂದವರ ಬಾಟಲಿಗಳು ಮೂಲೆಯಲ್ಲಿ ಹಾಗೇ ನಿಂತವು. ಅವನು ಬಾಗಿಲಿಗೆ ಮುಖ ಮಾಡಿ ಕೂತು ತೆಲೆಮಾಳ ದಾರಿ ಕಾಯುತ್ತಿದ್ದ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಬಂದಳು. ಅವನು ಸ್ಟೂಲು ಎಳೆದು ಹಾಕಿದ, ಸಾರು ಬಿಸಿ ಮಾಡಲು ಎದ್ದ.

“ಬೇಡ, ಕೂತ್ಕೋ,” ಎಂದಳು. ಅವಳೂ ಕೂತಳು. ಮುಖ ಒಣಗಿತ್ತು, ಅತ್ತ ಗುರುತಿರಲಿಲ್ಲ. “ಒಂದೇ ಮಾತು ಕೇಳಕ್ಕೆ ಬಂದೆ. ಕಂಪನಿಯವ್ರಿಗೆ ಹೇಳಿದ್ದು ಬೇಡ, ನನಗೆ ಹೇಳು. ಆ ಗುಳ್ಳೆ ನೋಡಿ ಅಪ್ಪನ ಉಸಿರು ಅಂತ ನಿಜವಾಗ್ಲೂ ಅಂದ್ಕೊಂಡ್ಯಾ? ಇಲ್ಲಾ, ಆಮೇಲೆ ಕಟ್ಟಿದ ಕತೆಯಾ?”

“ನನ್ನವ್ವನಾಣೆ ಮಗಳೇ. ನಿಜವಾಗ್ಲೂ ಅವನೇ ಅಂದ್ಕೊಂಡೆ.”

“ಬದುಕಿರೋರು ಬಿಡೋ ಥರಾನೇ ಬರ್ತಿತ್ತಾ?”

“ಹಂಗೇ ಬರ್ತಿತ್ತು. ಬಿಟ್ಟು ಬಿಟ್ಟು. ಇನ್ನು ಸುಳ್ಳು ಹೇಳೋ ಶಕ್ತಿ ನಂಗಿಲ್ಲ.”

ತೆಲೆಮಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಮಾತನ್ನು ನಂಬಿದಳು ಎಂಬುದು ಅವನಿಗೆ ಗೊತ್ತಾಯಿತು, ಒಂದು ಕ್ಷಣ ಅವನ ಎದೆ ಹಗುರವೂ ಆಯಿತು.

“ಹಂಗಾದ್ರೆ ಹೇಳು ಪಾಪಾ,” ಎಂದಳು ಅವಳು. “ನಮ್ಮಪ್ಪ ಅಲ್ಲಿ ಉಸಿರಾಡ್ತಿದಾನೆ ಅಂತ ನಂಬಿದ್ದೂ, ಅವನನ್ನ ಅಲ್ಲೇ ಬಿಟ್ಟು ನೀನು ಹೆಂಗೆ ಮೇಲೆ ಬಂದೆ?”

ಇಬೊರೊಮಾ ಹೆದರಿದೆ ಎನ್ನಬೇಕೆಂದುಕೊಂಡ, ಕಟ್ಟಳೆ ಎನ್ನಬೇಕೆಂದುಕೊಂಡ. ಹೊರಗೆ ಮೀನು ಮಾರುವವಳೊಬ್ಬಳು ಕೂಗಿಕೊಂಡು ಹೋದಳು. ತೆಲೆಮಾ ಎದ್ದು ಹೋಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನು ಏನಾದರೂ ಹೇಳಲಿ ಎಂದು ಕಾಯುತ್ತ ಕೂತಳು.